ಅಪ್ಪ ತಟ್ಟುತ್ತಿದ್ದ ಡಿಕ್ಕಿ

ಅಪ್ಪನ ಕಾರನ್ನು ಮಂಡ್ಯದ ಶೋರೂಮಿಗೆ ಎಳೆಸಿಕೊಂಡು ಹೋಗಲು ಮೂರು ಸಾವಿರ, ಹೊಸ ಬ್ಯಾಟರಿಗೆ ಐದೂವರೆ, ಡಿಕ್ಕಿಯ ಬೀಗ ಒಡೆದು ಬೇರೆ ಕೂರಿಸಲು ನಾಲ್ಕು. ಫೋನಿನಲ್ಲೇ ಹನ್ನೆರಡೂವರೆ ಸಾವಿರದ ಲೆಕ್ಕ ಕೇಳಿದ ಶಿವರಾಜು, ಓಡದ ಕಾರಿಗೆ ಇಷ್ಟು ದುಡ್ಡು ಸುರಿಯುವುದು ಬೇಡವೆಂದು ಅದನ್ನು ಮನೆ ಎದುರಿನ ಶೆಡ್ಡಿನಲ್ಲೇ ಬಿಟ್ಟಿದ್ದ. ಅಪ್ಪ ಚಿಕ್ಕಣ್ಣ ತೀರಿಕೊಂಡು ಒಂದೂವರೆ ವರ್ಷವಾಗಿತ್ತು. ಈಗ ಮಂಡ್ಯದವರೊಬ್ಬರು ಕಾರು ಕೊಳ್ಳಲು ಒಪ್ಪಿದ್ದರು. ಅವರದು ಒಂದೇ ಮಾತು: ಡಿಕ್ಕಿ ತೆಗೆದು ಸ್ಟೆಪ್ನಿ ತೋರಿಸಬೇಕು. ಅದಕ್ಕೇ ಮದ್ದೂರಿನಿಂದ ಮೆಕ್ಯಾನಿಕ್ ಕರಿಯಪ್ಪ ಬಂದಿದ್ದ.

ಕರಿಯಪ್ಪ ಬಾನೆಟ್ ಎತ್ತಿ ಬಗ್ಗಿ ನೋಡಿದ. “ಬ್ಯಾಟ್ರಿ ಸತ್ತೋಗದೆ. ಇಲಿ ಬ್ಯಾರೆ ವೈರೆಲ್ಲಾ ಕಡ್ದಾಕವೆ. ಈ ಕಾರಿನ ಡಿಕ್ಕಿ ಕರೆಂಟಿಲ್ದೆ ತಗಿಯಲ್ಲ ಕಣಪ್ಪ. ಅಲ್ಲಾ, ಬ್ಯಾಟ್ರಿ ವೈರ ಬಿಚ್ಚಾಕಿರೋರು ಯಾರು?”

“ನಾನೇಯ. ಸ್ಟ್ರೋಕ್ ಆದ್ಮೇಲೆ ಅಪ್ಪಂಗೆ ಕಾರಿನ ಉಚ್ಚು ಇಡ್ಕಂಡಿತ್ತು. ಮಾತು ಓಯ್ತು, ಬಲಗೈ ಓಯ್ತು. ಆದ್ರೂ ದಿನಾ ಕೋಲೂರ್ಕೊಂಡು ಬಂದು ಎಡಗೈಲಿ ಡಿಕ್ಕಿ ಮ್ಯಾಲೆ ದಬದಬಾಂತ ಬಡಿಯೋನು. ಬೀಗದ ಕೈ ಕೊಡು ಅಂತ ಕೈ ಚಾಚೋನು. ಎಲ್ಲಿ ಓಡುಸ್ಕೊಂಡು ಓಗ್ಬುಡ್ತಾನೋ ಅಂತ ಬೀಗದ ಕೈ ಬಚ್ಚಿಟ್ಟು ವೈರು ಬಿಚ್ದೆ.”

“ಕಾರು ಓಡ್ಸೋನು ಮುಂದ್ಲು ಬಾಗ್ಲು ಬಡೀತಾನೆ,” ಎಂದ ಕರಿಯಪ್ಪ ಕೈ ಒರೆಸಿಕೊಳ್ಳುತ್ತ. “ಡಿಕ್ಕಿ ಯಾಕಪ್ಪ ಬಡೀತಾನೆ?”

ಶಿವರಾಜು ಡಿಕ್ಕಿಯ ಬಾಗಿಲನ್ನು ಜಗ್ಗಿ ನೋಡಿದ. “ಬೀಗ ಒಡೀಬೇಕಾ?” ಎಂದು ಕೇಳಿದ.

“ಒಡಿಯೋದ್ಯಾಕೆ? ಇಂದ್ಲು ಸೀಟು ಬಗ್ಸುದ್ರೆ ಒಳೀಕೆ ದಾರಿ ಅದೆ. ಬೆಕ್ಕು ತೂರ್ದಂಗೆ ತೂರ್ತೀನಿ ನೋಡು.”

ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ಶಿವರಾಜುವಿನ ತಾಯಿ ಬೆಟ್ಟಮ್ಮ ಅಲ್ಲಿಂದಲೇ ಕೂಗಿದಳು. “ನಿನ್ನ ಒಟ್ಟೆ ನೋಡ್ಕೊಂಡು ಮಾತಾಡು ಕರಿಯಪ್ಪ. ಸಿಕ್ಕಾಕೊಂಡ್ರೆ ನಿನ್ನೂ ಸೇರ್ಸೇ ಮಾರ್ಬುಡ್ತಾನೆ ನನ್ ಮಗ.”

ಕರಿಯಪ್ಪ ನಗುತ್ತಲೇ ಸೀಟು ಮಡಚಿ, ಟಾರ್ಚು ಬಾಯಲ್ಲಿ ಕಚ್ಚಿಕೊಂಡು ಸೊಂಟದವರೆಗೂ ಒಳಗೆ ತೂರಿದ. ಡಿಕ್ಕಿ ಬಾಗಿಲಿನ ಒಳಮೈಯಲ್ಲಿ ಬೆರಳಗಲದ ಒಂದು ಮುಚ್ಚಳ. ಅದನ್ನು ಕಿತ್ತು, ಸ್ಕ್ರೂಡ್ರೈವರ್ ತುದಿಯಿಂದ ಒಳಗಿನ ಕೊಂಡಿಯನ್ನು ಮೀಟಿದ. ಟಕ್ ಎಂದು ಡಿಕ್ಕಿ ಮೇಲೆದ್ದಿತು.

ಸ್ಟೆಪ್ನಿ ಕಾಣಲಿಲ್ಲ. ಅದನ್ನು ಮುಚ್ಚಿದ್ದ ಹಲಗೆಯ ಮೇಲೆ ಒಂದಕ್ಕೊಂದು ಮುಖ ಮಾಡಿ ಹಗ್ಗದಿಂದ ಕಟ್ಟಿದ ಎರಡು ಬಿದಿರಿನ ಮೊರಗಳಿದ್ದವು. ಸಂದಿಯಿಂದ ಹುಳ ತಿಂದ ಅಕ್ಕಿಯ ಹಿಟ್ಟು ಉದುರಿತ್ತು. ಸಂದಿಯಲ್ಲಿ ಟಾರ್ಚು ಬಿಟ್ಟರೆ ಒಳಗೆ ಹಸಿರು ಬಳೆ, ಕರಗಿ ಅಂಟಾದ ಬೆಲ್ಲ, ತೊಗರಿಬೇಳೆ. ಶಿವರಾಜು ಮೊರ ಎತ್ತಿದಾಗ ಒಳಗೇ ಒಣಗಿ ಕೊಬ್ಬರಿಯಾದ ತೆಂಗಿನಕಾಯಿ ಗಡಗಡ ಎಂದಿತು. ಪಕ್ಕದಲ್ಲೇ ಒಂದು ಚೀಲ, ಅದರಲ್ಲಿ ಸೀರೆ. ಬಿಲ್ಲಿನ ತಾರೀಖು ಎರಡು ವರ್ಷದ ಕೆಳಗಿನ ಗೌರಿ ಹಬ್ಬದ ಹಿಂದಿನ ದಿನದ್ದು. ಅವತ್ತು ಮದ್ದೂರಿಗೆ ಹೋಗಿ ಬಂದವನೇ ಅಪ್ಪ ಸಂಜೆ ಮನೆಯ ಅಂಗಳದಲ್ಲಿ ಕುಸಿದು ಬಿದ್ದಿದ್ದ.

ಬೆಟ್ಟಮ್ಮ ಎದ್ದು ಬಂದು ಹಗ್ಗದ ಗಂಟನ್ನು ಬೆರಳಲ್ಲಿ ಸವರಿದಳು. “ಗೌರಿ ಬಾಗಿನ. ನಾವ್ ಎಂಗುಸ್ರು ದಾರದಲ್ಲಿ ಕಟ್ತೀವಿ. ಇದು ದನ ಕಟ್ಟೋ ಗಂಟು. ನಂಗೂ ಒಂದ್ ಮಾತು ಏಳ್ದೆ ತಾನೇ ಕಟ್ಟವ್ನೆ ಕಣ್ಲಾ ನಿಮ್ಮಪ್ಪ.”

ಯಾರಿಗೆಂದು ಕೇಳಬೇಕಾಗಿರಲಿಲ್ಲ. ಇದ್ದವಳು ಒಬ್ಬಳೇ ಮಗಳು, ಮಳವಳ್ಳಿಗೆ ಕೊಟ್ಟ ನಾಗಶ್ರೀ. ಅವಳು ಜಮೀನಿನಲ್ಲಿ ಪಾಲು ಕೇಳಿ ಕೋರ್ಟಿಗೆ ಹೋದ ವರ್ಷ ಚಿಕ್ಕಣ್ಣ ಅರಳಿಕಟ್ಟೆಯಲ್ಲಿ ನಾಲ್ಕು ಜನರ ಮುಂದೆ, ಇನ್ನು ಆ ಮನೆಗೆ ತವರಿನ ಬಾಗಿನ ಹೋಗುವುದಿಲ್ಲ ಎಂದುಬಿಟ್ಟಿದ್ದ. ಮೂರು ಹಬ್ಬ ಹೋಗಲೂ ಇಲ್ಲ. ಕಾಯಿಲೆ ಬಿದ್ದಾಗ ನೋಡಲು ಬಂದ ಮಗಳ ರಟ್ಟೆ ಹಿಡಿದು, ಬಾಗಿಲ ತನಕ ಎಳೆದುಕೊಂಡು ಹೋಗಿ, ಮತ್ತೆ ಮತ್ತೆ ಆಚೆಗೆ ಕೈ ಮಾಡಿದ್ದ. “ಇನ್ನೂ ಸಿಟ್ಟು ಓಗಿಲ್ಲ. ಆಚ್ಗೋಗು ಅಂತಾವ್ನೆ,” ಎಂದು ನಾಗಶ್ರೀ ಕೈ ಬಿಡಿಸಿಕೊಂಡು ಬಸ್ಸು ಹತ್ತಿದಳು. ಶಿವರಾಜುವಿಗೂ ಹಾಗೇ ಕಂಡಿತ್ತು. ಅವನು ತಡೆಯಲಿಲ್ಲ. ಮತ್ತೆ ಅವಳು ಬಂದದ್ದು ಅಪ್ಪನ ಮಣ್ಣಿಗೆ. ಈ ಮನೆಯಲ್ಲಿ ಒಂದು ಲೋಟ ನೀರೂ ಕುಡಿಯದೆ ಹೋದಳು.

ಶಿವರಾಜು ತಿರುಗಿ ನೋಡಿದ. ಮನೆಯ ಬಾಗಿಲಿಗೆ ನೇರ ಎದುರಿಗೆ, ಅಪ್ಪ ಅವತ್ತು ಕೈ ಮಾಡಿದ ಕಡೆಗೇ ಇದ್ದದ್ದು ಈ ಶೆಡ್ಡು.

ಅಲ್ಲೇ ನಿಂತು ತಂಗಿಗೆ ಫೋನು ಮಾಡಿದ. ತಡವರಿಸುತ್ತ ಎಲ್ಲವನ್ನೂ ಹೇಳಿದ. ನಾಗಶ್ರೀ ಕೇಳಿದಳು, “ಸೀರೆ ಯಾವ್ ಬಣ್ಣ ಅಣ್ಣ?”

“ಹಸ್ರು ಕಣವ್ವ. ಕೆಂಪಂಚು.”

ಫೋನು ಕಟ್ಟಾಯಿತು.

ಕರಿಯಪ್ಪ ಸಾಮಾನು ಚೀಲಕ್ಕೆ ಹಾಕಿಕೊಂಡು, ಕೂಲಿ ಎಷ್ಟೆಂದು ಕೇಳಿದ್ದಕ್ಕೆ ಇನ್ನೂರು ಸಾಕೆಂದ. ಡಿಕ್ಕಿ ತೆಗೆಯಲು ಅವನಿಗೆ ಹಿಡಿದದ್ದು ಹತ್ತು ನಿಮಿಷ. ಅಪ್ಪ ಅದನ್ನು ಬಡಿದದ್ದು ಐದು ತಿಂಗಳು.