ನೂರರ ನೋಟಿನ ಸೇತುವೆ

"ಅವನೇ ಕಣೇ! ನಿಮ್ಮಪ್ಪ!"

ದರ್ಜಿ ಹೆಂಗಸು ಮಗಳ ರಟ್ಟೆ ಹಿಡಿದು ಎಳೆದಳು. ನೋಟು ಮುದ್ರಣಾಲಯದ ಪ್ರದರ್ಶನದಲ್ಲಿ ನೂರರ ನೋಟು ಹುಟ್ಟಿದ ಬಗೆಯನ್ನು ಗೋಡೆಯುದ್ದಕ್ಕೂ ತೋರಿಸಿದ್ದರು: ಪೆನ್ಸಿಲ್ ಕರಡು, ಉಕ್ಕಿನ ಅಚ್ಚು, ಬಣ್ಣದ ಮಾದರಿಗಳು. ನಡುವೆ, ನೋಟಿನ ಚಿತ್ರಕ್ಕೆ ಮೂಲವಾದ ಫೋಟೊವನ್ನು ಬಾಗಿಲಿನಷ್ಟು ದೊಡ್ಡದು ಮಾಡಿ ಹಾಕಿದ್ದರು. ಅರ್ಧ ಕಟ್ಟಿದ ಸೇತುವೆ. ಕಮಾನಿನ ಮೇಲೆ ಸಾಲಾಗಿ ನಿಂತ ಕೆಲಸಗಾರರು.

ಮಗಳು ಕಣ್ಣು ಕಿರಿದು ಮಾಡಿ ನೋಡಿದಳು. ಅಪ್ಪನ ಮುಖವನ್ನು ಅವಳು ಕಂಡೇ ಇರಲಿಲ್ಲ. "ಅವರೇ ಅಂತ ನಿಂಗೆ ಹೇಗೆ ಗೊತ್ತು?"

"ಅಂಗಿ ನೋಡು. ಬಟ್ಟೆ ಸಾಲದೆ ಒಂದು ತೋಳು ಗೆರೆಯದ್ದು, ಇನ್ನೊಂದು ಚೌಕುಳಿಯದ್ದು. ನಾನು ಹೊಲಿದದ್ದು ನಂಗೆ ಗೊತ್ತಾಗಲ್ವಾ? ಹೇಗೆ ಹಲ್ಲು ಕಿಸಿದು ನಿಂತಿದ್ದಾನೆ ನೋಡು, ಬಸುರಿ ಹೆಂಡ್ತೀನ ನಡುನೀರಲ್ಲಿ ಕೈಬಿಟ್ಟು ಓಡಿಹೋದ ಭೂಪ!"

ನೋಟಿನ ಅಚ್ಚು ಕೆತ್ತಿದ್ದ ಮುದುಕನನ್ನು ಪ್ರದರ್ಶನಕ್ಕೆಂದು ಕರೆಸಿಕೊಂಡಿದ್ದರು. ಕೇಳುವವರು ಸಿಕ್ಕ ಖುಷಿಯಲ್ಲಿ ಅವನು ಹತ್ತಿರ ಬಂದ. "ಈ ಫೋಟೊಗೊಂದು ಕಥೆ ಇದೆ ತಾಯಿ. ಬೆಳಿಗ್ಗೆ ಇದನ್ನ ತೆಗೆದ್ರು. ಅವತ್ತೇ ಮಧ್ಯಾಹ್ನ ಆ ಕಮಾನು ನದಿಗೆ ಬಿತ್ತು. ಪುಣ್ಯಕ್ಕೆ ಯಾರಿಗೂ ಏನೂ ಆಗ್ಲಿಲ್ಲ, ಎಲ್ಲ ಊಟಕ್ಕೆ ಹೋಗಿದ್ರಂತೆ. ಆಮೇಲೆ ಮತ್ತೆ ಕಟ್ಟಿದ್ರು ಅನ್ನಿ."

ದರ್ಜಿಯ ಕೈ ಮಗಳ ರಟ್ಟೆಯಿಂದ ಜಾರಿತು.

"ಬಿದ್ದ ದಿನವೇ ತೆಗೆದದ್ದಾ?"

"ಅದೇ ದಿನ. ಫೋಟೊ ತೆಗೆದವನೇ ನನಗೆ ಹೇಳಿದ್ದ."

"ಸೇತುವೆ ಗುತ್ತಿಗೆದಾರ ಬೇರೇನೇ ಹೇಳಿದ್ದ." ಅವಳ ದನಿ ಪಿಸುಮಾತಿನಷ್ಟು ಇಳಿದಿತ್ತು. "ಸೇತುವೆ ಬೀಳೋ ಹಿಂದಿನ ವಾರಾನೇ ನಿನ್ನ ಗಂಡ ಸಂಬಳ ಎತ್ಕೊಂಡು ಯಾವಳ ಜೊತೆಗೋ ಓಡಿಹೋದ ಅಂತ."

ಮುದುಕ ಫೋಟೊದತ್ತ ತಿರುಗಿದ. ಭೂತಗನ್ನಡಿಯ ಕೆಳಗೆ ತಾನು ಗೆರೆಗೆರೆಯಾಗಿ ಕೆತ್ತಿದ್ದ ಆ ಸಾಲನ್ನು ಒಬ್ಬೊಬ್ಬರಾಗಿ ನೋಡತೊಡಗಿದ. "ಯಾರಿಗೂ ಏನೂ ಆಗ್ಲಿಲ್ಲ ಅಂದದ್ದೂ ಆ ಗುತ್ತಿಗೆದಾರನೇ," ಎಂದ.

"ಅಮ್ಮ, ಕೂತ್ಕೋ," ಎಂದಳು ಮಗಳು. ಬುದ್ಧಿ ಬಂದಾಗಿನಿಂದ ಓಡಿಹೋದವನ ಮಗಳು ಎನಿಸಿಕೊಂಡೇ ಬೆಳೆದಿದ್ದ ಅವಳು ಗೋಡೆ ಪಕ್ಕದ ಕುರ್ಚಿಯನ್ನು ಎಳೆದಳು.

ತಾಯಿ ಕೂರಲಿಲ್ಲ. ಚೀಲದಿಂದ ಒಂದು ನೂರರ ನೋಟು ತೆಗೆದು ಬೆಳಕಿಗೆ ಹಿಡಿದಳು. ಕಮಾನಿನ ಮೇಲೆ ಸಾಸಿವೆಯಷ್ಟು ಸಾಸಿವೆಯಷ್ಟು ಮನುಷ್ಯರು.

"'ಇವರು ಕಾಣೆಯಾಗಿದ್ದಾರೆ' ಅಂತ ವರ್ಷಾವರ್ಷ ಪೇಪರಲ್ಲಿ ಹಾಕಿಸ್ತಿದ್ದೆ," ಎಂದಳು. "ಈ ನೋಟು ಕೊಟ್ಟೇ ಹಾಕಿಸ್ತಿದ್ದೆ."