ವಾಪಸ್ ಎಷ್ಟು ಗಂಟೆಗೆ?

"ವಾಪಸ್ ಎಷ್ಟು ಗಂಟೆಗೆ, ಮೇಷ್ಟ್ರೇ?" ರೈಲು ಪ್ರಯಾಣಿಕರ ಸರ್ವೆಗೆ ಹಾಳೆ ಹಿಡಿದು ಬಂದಿದ್ದವಳು ಎರಡನೇ ಸಲ ಕೇಳಿದಳು. ನಿನ್ನೆ ಇದೇ ಪ್ರಶ್ನೆಗೆ "ಆರೂವರೆ, ನಮ್ಮ ಹಣೆಬರಹಕ್ಕೆ ಇನ್ಯಾವ ಗಾಡಿ ಇದೆ?" ಎಂದು ನಕ್ಕಿದ್ದ ಲೆಕ್ಕದ ಮೇಷ್ಟ್ರು ಇಂದು ನಗಲಿಲ್ಲ. ಪ್ಲಾಟ್‌ಫಾರ್ಮಿನ ಅಂಚಿನಲ್ಲಿ ನಿಂತು ಹುಬ್ಬು ಗಂಟಿಕ್ಕಿದರು. "ಹೋಗೋದು ಗೊತ್ತಮ್ಮ. ಬರೋದು ಯಾಕೋ ತೋಚ್ತಾನೇ ಇಲ್ಲ."

ಅವರ ಹಿಂದಿದ್ದ ಬುಟ್ಟಿಯ ಅಜ್ಜನೂ ಅದನ್ನೇ ಹೇಳಿದ. ಕಾಲೇಜಿನ ಹುಡುಗಿ, ಗಡಿಯಾರ ರಿಪೇರಿಯವನು, ಮಗುವನ್ನೆತ್ತಿಕೊಂಡ ತಾಯಿ, ಹೀಗೆ ಮೂರನೇ ಬೋಗಿಗೆ ಕಾದಿದ್ದ ಇಪ್ಪತ್ಮೂರು ಜನರದೂ ಒಂದೇ ಉತ್ತರ. ತಮಾಷೆ ಎನ್ನೋಣವೆಂದರೆ ಯಾರ ಮುಖದಲ್ಲೂ ತಮಾಷೆಯಿಲ್ಲ. ಮರೆತ ಹೆಸರೊಂದನ್ನು ನೆನೆಯುವವರ ಹಾಗೆ ಎಲ್ಲರೂ ಹಳಿಯನ್ನೇ ನೋಡುತ್ತಿದ್ದರು. ಅವಳಿಗೆ ಸಿಟ್ಟು ಬಂತು, ಒಳಗೊಳಗೇ ಭಯವೂ ಆಯಿತು.

ಹೋಗುವ ವೇಳೆ, ಬರುವ ವೇಳೆ, ಎರಡೂ ತುಂಬಿದ ಹಾಳೆಯಷ್ಟೇ ಲೆಕ್ಕಕ್ಕೆ. ಇಂದು ಮಧ್ಯಾಹ್ನದೊಳಗೆ ಸಾಕಷ್ಟು ಹಾಳೆ ಸೇರಿದರೆ ಈ ಮಾರ್ಗಕ್ಕೆ ಹೊಸ ಸೇತುವೆ, ಎರಡನೇ ಗಾಡಿ. ಇಲ್ಲದಿದ್ದರೆ ದುಡ್ಡೆಲ್ಲ ಹೆದ್ದಾರಿ ಅಗಲ ಮಾಡಲು. ಎರಡನೇ ಗಾಡಿ ಅವಳಿಗೆ ಬೇಕಿದ್ದದ್ದು ಅಕ್ಕನಿಗಾಗಿ. ಪಕ್ಕದ ಪಟ್ಟಣದಲ್ಲಿ ಹೊಲಿಗೆ ಕೆಲಸದ ಅಕ್ಕ ದಿನಾ ಬಾಗಿಲ ಸರಳಿಗೆ ಜೋತುಬಿದ್ದು ಹೋಗಿಬರುವುದನ್ನು ನೋಡಿ ನೋಡಿ ತಂಗಿಯ ಜೀವ ಅರ್ಧವಾಗಿತ್ತು.

ಆ ಅಕ್ಕ ಗಾಡಿ ಹೊರಡುವ ಹೊತ್ತಿಗೆ ಸರಿಯಾಗಿ ಓಡಿಬಂದಳು. "ಎಲ್ಲೇ ನಿನ್ನ ಎರಡನೇ ಗಾಡಿ?"

"ದುಡ್ಡು ಮಂಜೂರಾದ್ರೆ ಇನ್ನು ಹನ್ನೊಂದು ವರ್ಷಕ್ಕೆ."

"ಅಯ್ಯೋ ನಿನ್ನ! ಅಷ್ಟೊತ್ತಿಗೆ ನನ್ನ ಹಲ್ಲೆಲ್ಲ ಉದುರಿರುತ್ತೆ ಕಣೇ." ಅಕ್ಕ ಮೂರನೇ ಬೋಗಿಯ ಸರಳು ಹಿಡಿದು ನೇತುಬಿದ್ದಳು. ಗಾಡಿ ಜರುಗಿತು. "ಹೋಗ್ತೀನಿ!" ಎಂದು ಕೈಬೀಸಿದಳು.

"ಹೋಗ್ತೀನಿ ಅನ್ಬಾರ್ದು, ಬರ್ತೀನಿ ಅನ್ನೇ!" ತಂಗಿ ಪಕ್ಕದಲ್ಲೇ ಓಡುತ್ತ ಕೂಗಿದಳು. ಅಮ್ಮ ಇಬ್ಬರಿಗೂ ತಲೆಗೆ ಮೊಟಕಿ ಕಲಿಸಿದ ಮಾತದು. ಅಕ್ಕ ಕಿವಿಗೆ ಕೈಯಿಟ್ಟು, ಕೇಳಿಸುತ್ತಿಲ್ಲವೆಂದು ನಕ್ಕಳು.

ಖಾಲಿ ಪ್ಲಾಟ್‌ಫಾರ್ಮಿನಿಂದ ಅವಳು ಮೇಲ್ವಿಚಾರಕನಿಗೆ ಫೋನ್ ಮಾಡಿದಳು. "ಯಾರೂ ವಾಪಸ್ ಬರೋ ಟೈಮ್ ಹೇಳ್ತಿಲ್ಲ ಸಾರ್."

"ಅವರಿಗೆ ತಲೆ ಕೆಟ್ಟರೆ ನಿಮಗೂ ಕೆಡಬೇಕಾ? ಇರೋದು ಒಂದೇ ಗಾಡಿ. ಆರೂವರೆ ಅಂತ ಗೀಚಿ ತನ್ನಿ."

ಅವಳು ಬೆಂಚಿನ ಮೇಲೆ ಕೂತು, ಒಂದೊಂದು ಮುಖವನ್ನೂ ನೆನೆದು, ಇಪ್ಪತ್ಮೂರು ಹಾಳೆಯಲ್ಲೂ ಆರೂವರೆ ಎಂದು ಬರೆದಳು. ಕೊನೆಗೆ ಅಕ್ಕನ ಹಾಳೆ ಬಂತು. ಅಕ್ಕ ಸಂಜೆ ಬರುತ್ತಾಳೆಂದು ಬರೆಯುವುದೇನು, ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಮನೆಯಲ್ಲಿ ಅವಳನ್ನೇ ಕೇಳಿ ತುಂಬಿದರಾಯಿತು ಎಂದು ಮಡಚಿ ಬ್ಯಾಗಿಗೆ ಹಾಕಿಕೊಂಡಳು. ಉಳಿದದ್ದನ್ನು ಕಚೇರಿಗೆ ಕೊಟ್ಟು ಹೊರಬರುವಷ್ಟರಲ್ಲಿ ಬೀದಿಯೆಲ್ಲ ಸುದ್ದಿ: ಹಳೇ ಸೇತುವೆಯ ಮೇಲೆ ಬೆಳಗಿನ ಗಾಡಿ ಹಳಿ ತಪ್ಪಿದೆ, ಮೂರನೇ ಬೋಗಿ ಹೊಳೆಗೆ ಬಿದ್ದಿದೆ.

ಸಂಜೆ ಇನ್ನೊಂದು ಇಂಜಿನ್ನು ಉಳಿದ ಬೋಗಿಗಳನ್ನು ಹಿಂದಕ್ಕೆ ಎಳೆದು ತಂದಿತು. ಅವಳು ನಿಲ್ದಾಣದ ಗಡಿಯಾರ ನೋಡಿದಳು. ಸರಿಯಾಗಿ ಆರೂವರೆ. ಕೆಸರು ಮೆತ್ತಿದ ಬಟ್ಟೆಯಲ್ಲಿ ಮೇಷ್ಟ್ರು ಇಳಿದರು. ಬುಟ್ಟಿಯಿಲ್ಲದ ಅಜ್ಜ ಇಳಿದ. ಹುಡುಗಿ, ರಿಪೇರಿಯವನು, ಮಗುವನ್ನೆತ್ತಿಕೊಂಡ ತಾಯಿ. ಅವಳು ಬೆರಳು ಮಡಚುತ್ತ ಎಣಿಸಿದಳು. ಇಪ್ಪತ್ಮೂರು. ಒಬ್ಬರಿಗೂ ಒಂದು ಗೀರಿಲ್ಲ.

"ಬದುಕೋ ಹಾಗೇ ಇರ್ಲಿಲ್ಲಮ್ಮ," ಮೇಷ್ಟ್ರು ಅವಳ ಬಳಿ ಬಂದರು. "ನೀರೊಳಗೆ ಯಾರೋ ಕಿವೀಲಿ ಹೇಳಿದ ಹಾಗಾಯ್ತು, ಆರೂವರೆ, ಆರೂವರೆ ಅಂತ. ಹೆಣ್ಣು ದನಿ. ಎಲ್ಲರಿಗೂ ಕೇಳಿಸ್ತಂತೆ."

"ನಮ್ಮಕ್ಕ? ಬಾಗಿಲಲ್ಲಿ ನೇತಾಡ್ತಿದ್ದವಳು?"

"ಪಕ್ಕದಲ್ಲೇ ಇದ್ರು. ಎಲ್ಲರೂ ಮೇಲೆ ಬರುವಾಗ ಅವರು ಮಾತ್ರ ಏನೂ ಕೇಳಿಸದವರ ಹಾಗೆ ಕಿವಿಗೆ ಕೈಯಿಟ್ಕೊಂಡಿದ್ರು. ಇನ್ನೂ ಹುಡುಕ್ತಿದ್ದಾರೆ."

ಅವಳು ಬ್ಯಾಗಿನಿಂದ ಅಕ್ಕನ ಹಾಳೆ ತೆಗೆದು, ಬೆಂಚಿನ ಮೇಲೆ ಕೂತು ಬಿಡಿಸಿ, ಆರೂವರೆ ಎಂದು ಬರೆದಳು. ಗಡಿಯಾರ ಆರು ನಲವತ್ತು ತೋರಿಸುತ್ತಿತ್ತು.

"ಏಳಮ್ಮ," ಸ್ಟೇಷನ್ ಮಾಸ್ತರ ಮೆಲ್ಲಗೆ ಹೇಳಿದ. "ಇನ್ಯಾವ ಗಾಡಿಯೂ ಇಲ್ಲ."

ಅವಳು ಆರೂವರೆಯನ್ನು ಹೊಡೆದುಹಾಕಿದಳು. ಅದರ ಕೆಳಗೆ ದುಂಡಗೆ, ಓದಲು ಯಾರಿಗೂ ಕಷ್ಟವಾಗದ ಹಾಗೆ, 'ಎರಡನೇ ಗಾಡಿಗೆ' ಎಂದು ಬರೆದಳು. ಆಮೇಲೆ ಬೆಂಚಿನ ತುದಿಗೆ ಸರಿದು, ಪಕ್ಕದಲ್ಲಿ ಒಬ್ಬರಿಗೆ ಜಾಗ ಬಿಟ್ಟು, ಹನ್ನೊಂದು ವರ್ಷ ಕಾಯಲು ಕೂತಳು.