ಬಿಟ್ಟ ಜಾಗ, ಖಾಲಿ ಜಾಗ

"ಇಲ್ಲೊಂದು ಸೈನ್ ಹಾಕಿಬಿಡಮ್ಮ, ಸೋಮವಾರದೊಳಗೆ ಈ ಬೀದೀಲಿ ಇನ್ನೂ ಮೂವತ್ತೆರಡು ಮನೆಗೆ ಲೈನ್ ಎಳೀಬೇಕು," ಎಂದು ಮ್ಯಾನೇಜರು ಹಾಳೆಯನ್ನು ಲೆಕ್ಕದಮ್ಮನ ಮುಂದಕ್ಕೆ ತಳ್ಳಿದರು. ಆ ಇಂಟರ್‌ನೆಟ್ ಕಂಪನಿಯಲ್ಲಿ ಯಾವ ಬೀದಿಯ ಫೈಬರ್ ಎಷ್ಟು ಮನೆಗಳ ಭಾರ ತಡೆದೀತು ಎಂದು ಲೆಕ್ಕ ಹಾಕುವ ಇಂಜಿನಿಯರ್ ಅವಳು. ವಯಸ್ಸು ಇಪ್ಪತ್ತಾರಾದರೂ ಆಫೀಸಿಗೆಲ್ಲ ಲೆಕ್ಕದಮ್ಮ. ಎದುರಿನ ಕುರ್ಚಿಯಲ್ಲಿ ಅದೇ ಬೀದಿಯ ಗಣಿತದ ಟೀಚರು ಕೂತಿದ್ದರು. ದೂರು ಕೊಡಲು ಬಂದು ಮುಕ್ಕಾಲು ಗಂಟೆಯಾಗಿತ್ತು, ಏಳುವ ಲಕ್ಷಣವಿರಲಿಲ್ಲ.

ದೂರು ಇಷ್ಟೇ. ದಿನಾ ಸಂಜೆ ಏಳಕ್ಕೆ ಅವರು ಮನೆಯಿಂದಲೇ, ಕಂಪ್ಯೂಟರಿನ ಮುಂದೆ ಕೂತು, ಹನ್ನೊಂದು ಮಕ್ಕಳಿಗೆ ಪಾಠ ಹೇಳುತ್ತಿದ್ದರು. ಏಳು ಹೊಡೆದರೆ ಸಾಕು, ಲೈನು ತೆವಳತೊಡಗುತ್ತಿತ್ತು. "ಬಾಯಿ ತೆರೆದಲ್ಲೇ ನಿಂತುಬಿಡ್ತಿದ್ದೆ, ಗರ ಬಡಿದವಳ ಹಾಗೆ. ಮಕ್ಕಳು ಆ ಮುಖಾನ ವಾಟ್ಸಾಪ್ ಸ್ಟಿಕ್ಕರ್ ಮಾಡ್ಕೊಂಡ್ರು. ನನ್ನ ತಂಗಿ ಮಗಳೇ ನನಗೆ ಕಳಿಸಿದ್ಲು, 'ದೊಡ್ಡಮ್ಮ, ಇದು ನೀವಾ?' ಅಂತ." ಎರಡು ತಿಂಗಳ ಹಿಂದೆ ಕ್ಲಾಸು ನಿಂತಿತ್ತು. ಈಗ ಆರು ಮಕ್ಕಳ ಮನೆಯವರು, ಇನ್ನೊಂದೇ ಒಂದು ಸಲ ನೋಡೋಣ ಎಂದಿದ್ದರು. ಸೋಮವಾರ ಶುರು. ಅವತ್ತೂ ಲೈನು ಕೈಕೊಟ್ಟರೆ ಟೀಚರ ಪಾಠ ಅಲ್ಲಿಗೆ ಮುಗಿದಂತೆ.

"ಪಾಂಪ್ಲೆಟ್ಟಲ್ಲಿ ಮುನ್ನೂರು ಎಂಬಿ ಸ್ಪೀಡು ಅಂತ ಹಾಕಿದ್ರಿ," ಎಂದರು ಟೀಚರು.

"ಮುನ್ನೂರರವರೆಗೆ ಅಂತ ಹಾಕಿದೀವಿ ಮೇಡಂ." ಮ್ಯಾನೇಜರು ಬೆರಳೆತ್ತಿದರು. "ವರೆಗೆ! ಸೊನ್ನೇನೂ ಮುನ್ನೂರರೊಳಗೇನೇ ಬರೋದು."

ಟೀಚರು ಅವರನ್ನು ಬಿಟ್ಟು ಲೆಕ್ಕದಮ್ಮನ ಕಡೆ ತಿರುಗಿದರು. "ಒಂದು ಲೈನಿಗೆ ಎಷ್ಟು ಮನೆಯಮ್ಮ?"

"ಅರವತ್ನಾಲ್ಕು."

"ಲೈನಲ್ಲಿ ಬರೋದೆಷ್ಟು?"

"ಒಟ್ಟು ಎರಡೂವರೆ ಸಾವಿರ ಎಂಬಿ. ಕಂಬದ ಮೇಲೊಂದು ಪುಟ್ಟ ಪೆಟ್ಟಿಗೆ ಇರುತ್ತೆ, ಅದಕ್ಕೆ ಕರೆಂಟೂ ಇಲ್ಲ, ಬುದ್ಧೀನೂ ಇಲ್ಲ. ಬಂದ ಬೆಳಕನ್ನ ಅರವತ್ನಾಲ್ಕು ಮನೆಗೂ ಹಂಚುತ್ತೆ, ಅಷ್ಟೇ."

"ಅರವತ್ನಾಲ್ಕು ಮುನ್ನೂರಲಿ ಹತ್ತೊಂಬತ್ತು ಸಾವಿರದ ಇನ್ನೂರು," ಎಂದರು ಟೀಚರು, ಕಣ್ಣು ಮಿಟುಕಿಸದೆ.

"ಎಲ್ಲರೂ ಒಟ್ಟಿಗೆ ಎಲ್ಲಿ ಬಳಸ್ತಾರೆ ಮೇಡಂ!" ಮ್ಯಾನೇಜರು ನಕ್ಕರು. "ಮನೇಲಿ ಇರೋದು ಒಂದೇ ಬಚ್ಚಲು. ಎಲ್ಲರೂ ಒಟ್ಟಿಗೆ ನುಗ್ತೀರಾ?"

"ಸಂಜೆ ಏಳಕ್ಕೆ ನುಗ್ತೀವಿ. ಒಬ್ಬೊಬ್ಬರಿಗೂ ಅರ್ಧ ಚೊಂಬು."

ಅದಕ್ಕೇ ಕಾದಿದ್ದವರಂತೆ ಮ್ಯಾನೇಜರು ಹಾಳೆಯ ಮೇಲೆ ಬೆರಳಾಡಿಸಿದರು. "ಅದು ಹಳೇ ಕಥೆ. ಎರಡು ತಿಂಗಳ ಹಿಂದೆ ಸಂಜೆ ಹೊತ್ತು ಮನೆಗೆ ಸರಾಸರಿ ಬಳಕೆ ಮೂವತ್ತೊಂಬತ್ತು, ಲೈನು ಭರ್ತಿ. ಈಗ ನೋಡಿ, ಇಪ್ಪತ್ತಾರು! ಎರಡೂವರೆ ಸಾವಿರಾನ ಇಪ್ಪತ್ತಾರರಿಂದ ಭಾಗಿಸಿ, ತೊಂಬತ್ತಾರು ಮನೆ. ಇರೋದು ಅರವತ್ನಾಲ್ಕು. ಮೂವತ್ತೆರಡಕ್ಕೆ ಜಾಗ ತಾನಾಗೇ ಹುಟ್ಟಿದೆ."

ಜಾಗ ಹೇಗೆ ಹುಟ್ಟಿತೆಂದು ಲೆಕ್ಕದಮ್ಮನಿಗೆ ಗೊತ್ತಿತ್ತು. ಹೋದ ವಾರ ಅವಳೇ ಮನೆಮನೆಗೆ ಫೋನು ಮಾಡಿದ್ದಳು. ಮೂರನೇ ಮನೆಯವರು ಸಿನಿಮಾ ಬಿಟ್ಟು ಬೇಗ ಮಲಗುವುದನ್ನು ಕಲಿತಿದ್ದರು. ಒಂಬತ್ತನೇ ಮನೆಯ ಅಣ್ಣತಮ್ಮಂದಿರು ಆನ್‌ಲೈನ್ ಆಟದಲ್ಲಿ ಸೋತು ಸೋತು ಅಟ್ಟದಿಂದ ಕೇರಂ ಬೋರ್ಡು ಇಳಿಸಿದ್ದರು. ನಲವತ್ತನೇ ಮನೆಯ ಅಜ್ಜ, "ನಮಗೆ ಅಭ್ಯಾಸ ಆಗೋಯ್ತು ಬಿಡಮ್ಮ," ಎಂದು ಅವಳಿಗೇ ಸಮಾಧಾನ ಹೇಳಿದ್ದ. ಮೊದಲ ಅರವತ್ನಾಲ್ಕರ ಹಾಳೆಗೆ ಸೈನ್ ಹಾಕಿದವಳೂ ಅವಳೇ. ಅವತ್ತು ಮ್ಯಾನೇಜರು ಜನ ಕಡಿಮೆ ಬಳಸುವ ಬೆಳಿಗ್ಗೆ ಹನ್ನೊಂದರ ಅಂಕಿ ಕೊಟ್ಟಿದ್ದರು, ಯಾವ ಹೊತ್ತಿನದೆಂದು ಅವಳು ಕೇಳಿರಲಿಲ್ಲ.

"ಸರ್, ಈ ಮನೆಯವರು ಬೇಡ ಅಂತ ಬಿಟ್ಟಿದ್ದಲ್ಲ. ಬೇಕಾದಾಗ ಸಿಗದೆ ಬಿಟ್ಟಿದ್ದು. ವಾಪಸ್ ಬಂದ್ರೆ ಮತ್ತೆ ಮೂವತ್ತೊಂಬತ್ತು."

"ಬಿಟ್ಟಿದಾರೆ ತಾನೇ? ಬಿಟ್ಟ ಜಾಗ, ಖಾಲಿ ಜಾಗ."

ಟೀಚರು ಕನ್ನಡಕ ಏರಿಸಿಕೊಂಡು ಹಾಳೆಯತ್ತ ಬಾಗಿದರು. ಮನೆಗಳ ಪಟ್ಟಿಯ ಮೇಲೆ ಉತ್ತರಪತ್ರಿಕೆ ತಿದ್ದುವಂತೆ ಬೆರಳು ಇಳಿಯಿತು, ಒಂದು ಸೊನ್ನೆಯ ಮೇಲೆ ನಿಂತಿತು. "ಹದಿನೇಳನೇ ಮನೆ, ಏಳರಿಂದ ಎಂಟು. ಇದು ನಾನು."

"ಬಹಳ ಉಪಕಾರ ಆಯ್ತು ಮೇಡಂ," ಎಂದರು ಮ್ಯಾನೇಜರು. ಮನಸಾರೆ ಹೇಳಿದ್ದರು.

"ಇರಲಿ. ಮಿಕ್ಕವರೂ ನನ್ನ ಹಾಗೇ ಬೇಸತ್ತು ಬಿಟ್ರು ಅಂತಿಟ್ಕೊಳ್ಳಿ. ಸರಾಸರಿ ಸೊನ್ನೆ. ಎರಡೂವರೆ ಸಾವಿರಾನ ಸೊನ್ನೆಯಿಂದ ಭಾಗಿಸಿದ್ರೆ ಎಷ್ಟು ಮನೆ ಬಂತು?"

ಮ್ಯಾನೇಜರು ಲೆಕ್ಕದಮ್ಮನ ಮುಖ ನೋಡಿದರು.

"ಅದಕ್ಕೆ ಉತ್ತರ ಇಲ್ಲ ಸರ್. ಲೆಕ್ಕಕ್ಕೇ ಸಿಗಲ್ಲ."

"ಲೆಕ್ಕಕ್ಕೇ ಸಿಗದಷ್ಟಾ!" ಮ್ಯಾನೇಜರ ಕಣ್ಣು ಅರಳಿತು. "ಮತ್ತೆ ಈ ಮೂವತ್ತೆರಡಕ್ಕೆ ಯಾಕಮ್ಮ ಇಷ್ಟು ಮೀನಮೇಷ? ಹಾಕು, ಹಾಕು."

ಲೆಕ್ಕದಮ್ಮ ಪೆನ್ನನ್ನು ಹಾಳೆಯ ಮೇಲಿಟ್ಟು ಎರಡನ್ನೂ ಅವರ ಕಡೆ ತಿರುಗಿಸಿದಳು. "ನಾನು ಹಾಕಲ್ಲ ಸರ್. ನಿಮಗೆ ಅಷ್ಟು ನಂಬಿಕೆ ಇದ್ರೆ ನೀವೇ ಹಾಕಿ. ಮ್ಯಾನೇಜರ್ ಸೈನೂ ನಡೆಯುತ್ತೆ."

"ನಾನಾ?" ಬಿಸಿ ಪಾತ್ರೆ ಮುಟ್ಟಿದವರಂತೆ ಮ್ಯಾನೇಜರು ಕೈ ಹಿಂದಕ್ಕೆಳೆದುಕೊಂಡರು. "ನಾನು ಹಾಕಿದ್ರೆ, ನಾಳೆ ಲೈನು ಕೆಟ್ಟಾಗ ನನ್ನನ್ನೇ ಕೇಳ್ತಾರಲ್ಲಮ್ಮ!"